ಉತ್ತರ ಬರುವ ತನಕ

ಪದಕ ಕಾರಿನ ಮುಂದಿನ ಸೀಟಿನಲ್ಲಿತ್ತು, ಅಮ್ಮ ಕಟ್ಟಿಕೊಟ್ಟ ಟೊಮೇಟೊ ಚೀಲದ ಪಕ್ಕದಲ್ಲಿ. ಒಂದು ತಿರುವಿನಲ್ಲಿ ಚೀಲ ಅದರ ಮೇಲೆ ಮಗುಚಿಕೊಂಡಿತು. ಎತ್ತಿ ನಿಲ್ಲಿಸುವ ಗೋಜಿಗೆ ವೂಲಾ ಹೋಗಲಿಲ್ಲ. ನೀಲಿ ಮಖಮಲ್ಲಿನ ಡಬ್ಬಿ, ಒಳಗೆ ಅಂಗೈಯಗಲದ ಕಂಚಿನ ಬಿಲ್ಲೆ, ಬಿಲ್ಲೆಯ ಅಂಚಿನಲ್ಲಿ ಅವಳ ಹೆಸರು. ಅವಳ ವಿಭಾಗದ ಮುಖ್ಯಸ್ಥ ಪ್ರೊಫೆಸರ್ ಡೆನ್ಹೋಮ್‌ಗೂ ಇಂಥದೇ ಒಂದು ಕೊಟ್ಟಿದ್ದರು. ಮಂಗಳವಾರ ಕ್ಯಾನ್ಬೆರಾದಲ್ಲಿ ಸಮಾರಂಭ ಮುಗಿದು, ಇವತ್ತು ಶನಿವಾರ. ಈ ನಾಲ್ಕು ದಿನಗಳಲ್ಲಿ ನಕ್ಕು ನಕ್ಕು ಅವಳ ದವಡೆ ನೋಯುತ್ತಿತ್ತು. ಅಡಿಲೇಡಿನ ಒಂದು ಪತ್ರಿಕೆ ಅವಳನ್ನು ‘ನಮ್ಮೂರಿನ ಬೆಳಕಿನ ಒಡತಿ’ ಎಂದು ಕರೆದಿತ್ತು. ಬರೆದವನಿಗೆ ಬೆಳಕು ಸ್ವಿಚ್ಚು ಒತ್ತಿದರೆ ಬರುತ್ತದೆ ಎಂಬುದಕ್ಕಿಂತ ಹೆಚ್ಚೇನೂ ಗೊತ್ತಿದ್ದಂತಿರಲಿಲ್ಲ.

ವೂಲಾ ಮತ್ತು ಅವಳ ಲ್ಯಾಬಿನವರು ಮಾಡಿದ್ದು ಇಷ್ಟು. ಒಂದು ಸೆಕೆಂಡನ್ನು ಕೋಟಿ ಚೂರು ಮಾಡಿ, ಅದರಲ್ಲೊಂದು ಚೂರನ್ನು ಮತ್ತೆ ಕೋಟಿ ಚೂರು ಮಾಡಿದರೆ ಉಳಿಯುವ ಹೊತ್ತಿದೆಯಲ್ಲ, ಅದರಲ್ಲಿ ಅರ್ಧಕ್ಕಿಂತಲೂ ಕಡಿಮೆ ಹೊತ್ತು ಮಿನುಗಿ ಆರಿಹೋಗುವ ಲೇಸರ್ ಮಿಂಚೊಂದನ್ನು ಹೊರಡಿಸಿದ್ದರು. ಮಿಂಚು ಅಷ್ಟು ಗಿಡ್ಡವಾದರೆ ಪರಮಾಣುಗಳು ಒಂದನ್ನೊಂದು ಬಿಟ್ಟು ಹೋಗುವ ಗಳಿಗೆಯನ್ನು ಹಿಡಿದು ನೋಡಬಹುದು. ಹನ್ನೊಂದು ವರ್ಷದ ಕೆಲಸ ಅದು. ಹನ್ನೊಂದು ವರ್ಷಗಳಲ್ಲಿ ಲೆಕ್ಕಕ್ಕೆ ಬಂದದ್ದು ಒಂದು ಬೆಳಿಗ್ಗೆ ಸಿಕ್ಕ ಒಂದು ಅಂಕಿ, ಮಿಂಚು ಎಷ್ಟು ಗಿಡ್ಡವೆಂಬುದರ ಅಳತೆ. ಪದಕ ಬಂದದ್ದು ಆ ಅಂಕಿಗೆ. ಆ ಬೆಳಿಗ್ಗೆ ಕೋಣೆಯಲ್ಲಿದ್ದವರು ಇಬ್ಬರು, ವೂಲಾ ಮತ್ತು ಮರ್ವ್.

ವೂಲಾ ಈಗ ಹೊರಟಿದ್ದು ಆ ಮರ್ವ್ ಮನೆಗೆ, ಮೂಂಟಾ ಊರಿಗೆ. ಮರ್ವಿನ್ ಟ್ರೆಲೋರ್ ಪ್ರೊಫೆಸರೂ ಅಲ್ಲ, ಡಾಕ್ಟರೂ ಅಲ್ಲ. ಲ್ಯಾಬಿನ ಕೆಲಸಗಾರ. ಕನ್ನಡಿಗಳನ್ನು ಕೂರಿಸುವುದು, ಕೂರಿಸಿದ್ದನ್ನು ಕೂದಲೆಳೆಯಷ್ಟು ತಿರುಗಿಸುವುದು, ಹುಡುಗರು ತಿರುಗಿಸಿ ಕೆಡಿಸಿದ್ದನ್ನು ಮತ್ತೆ ಸರಿಮಾಡುವುದು ಅವನ ಉದ್ಯೋಗವಾಗಿತ್ತು. ವೂಲಾ ವಿದ್ಯಾರ್ಥಿನಿಯಾಗಿ ಬಂದ ಮೊದಲ ದಿನ ಅವನು ಅವಳ ಉಂಗುರ, ಕೈಗಡಿಯಾರ ಬಿಚ್ಚಿಸಿ ಬಾಗಿಲ ಬಳಿಯ ಬಿಸ್ಕತ್ತಿನ ಡಬ್ಬಿಗೆ ಹಾಕಿಸಿದ್ದ. ಹೊಳೆಯುವ ಯಾವುದಕ್ಕೂ ಆ ಕೋಣೆಯಲ್ಲಿ ಜಾಗವಿಲ್ಲ. ಕಿರಣ ಅದಕ್ಕೆ ತಾಗಿ ಯಾರ ಕಣ್ಣಿಗೆ ಹಾರುತ್ತದೋ ಹೇಳಲಾಗದು. ಆಮೇಲೆ ಅವಳಿಗೆ ಕೂಗುವುದನ್ನು ಕಲಿಸಿದ.

ಆ ಕೂಗಿನ ಪದ್ಧತಿ ಮರ್ವ್ ಹುಟ್ಟಿಸಿದ್ದು, ಬೇರೆಲ್ಲೂ ಇಲ್ಲ. ಲೇಸರಿನ ಆ ಬೆಳಕು ಕಣ್ಣಿಗೆ ಕಾಣುವಂಥದ್ದಲ್ಲ. ಮೇಜಿನ ಮೇಲೆ ಒಂದು ಗೇಣು ಎತ್ತರದಲ್ಲಿ ಸದ್ದಿಲ್ಲದೆ ಹರಿಯುತ್ತಿರುತ್ತದೆ. ಕಣ್ಣಿಗೆ ಬಿದ್ದರೆ ರೆಪ್ಪೆ ಬಡಿಯುವುದರೊಳಗೆ ಸುಟ್ಟು ಮುಗಿದಿರುತ್ತದೆ. ಅದಕ್ಕೆ ದಪ್ಪ ಕನ್ನಡಕ ಹಾಕಬೇಕು. ಹಾಕಿದರೆ ಕೋಣೆಯೆಲ್ಲ ಮಬ್ಬಾಗಿ ಸಣ್ಣ ಸ್ಕ್ರೂ ಕೂಡ ಕಾಣುವುದಿಲ್ಲ. ಹಾಗಾಗಿ ಕಿರಣದ ದಾರಿಗೆ ಒಂದು ಕರಿ ತಗಡು ಅಡ್ಡ ಇಳಿಸಿ, ಕನ್ನಡಕ ಹಣೆಗೆ ಏರಿಸಿ ಕೆಲಸ ಮಾಡುವುದು. ಮುಗಿದ ಮೇಲೆ ತಗಡು ಎತ್ತುವವರು ಮೊದಲು “ಕಣ್ಣು” ಎಂದು ಕೂಗಬೇಕು. ಕೋಣೆಯಲ್ಲಿ ಎಷ್ಟು ಜನರಿದ್ದಾರೋ ಅಷ್ಟು ಬಾಯಿಂದ, ಕನ್ನಡಕ ಇಳಿಸಿಕೊಂಡ ಮೇಲೆ, “ಮುಚ್ಚಿದೆ” ಎಂದು ಉತ್ತರ ಬರಬೇಕು. ಉತ್ತರ ಬರುವ ತನಕ ಕೈ ಎತ್ತಬಾರದು. ಡೆನ್ಹೋಮ್ ಒಮ್ಮೆ ಕೂಗಿ, ಉತ್ತರಕ್ಕೆ ಕಾಯದೆ ತಗಡಿಗೆ ಕೈ ಹಾಕಿದಾಗ ಮರ್ವ್ ಅವನ ಮಣಿಕಟ್ಟು ಹಿಡಿದು ಹೊರಗೆ ಕಳಿಸಿದ್ದ. ಪ್ರೊಫೆಸರು ಮೊಗಸಾಲೆಯಲ್ಲಿ ಅರ್ಧ ಗಂಟೆ ನಿಂತಿದ್ದು ಬಂದ.

ಆರು ವರ್ಷದ ಹಿಂದೆ ಆ ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಮರ್ವ್ ಕೈಯಿಂದ ಒಂದು ಸ್ಕ್ರೂ ಜಾರಿ ಮೇಜಿನ ಮೇಲೆ ಉರುಳಿತು. ತಗಡು ಇಳಿದಿತ್ತು. ಅವನು ಕನ್ನಡಕ ಏರಿಸಿ, ಕೆನ್ನೆ ಮೇಜಿಗೆ ತಾಗುವಷ್ಟು ಬಗ್ಗಿ ಹುಡುಕುತ್ತಿದ್ದ. ವೂಲಾ ಅಡ್ಡ ಕಟ್ಟಿದ ಕರಿ ಬಟ್ಟೆಯ ಆಚೆ, ತಗಡಿನ ಹಿಡಿ ಕೈಗೆಟಕುವಲ್ಲಿ, ಕಂಪ್ಯೂಟರಿನ ಮುಂದಿದ್ದಳು. ಹಿಂದಿನ ಸಲ ತಗಡು ಎತ್ತಿದ್ದಾಗ ಅಂಕಿ ಇಳಿಯುತ್ತ ಇಳಿಯುತ್ತ ಬಂದಿತ್ತು. ಐದಕ್ಕಿಂತ ಕೆಳಗೆ ಹೋಯಿತೋ ಇಲ್ಲವೋ ನೋಡುವ ಮೊದಲೇ ತಗಡು ಇಳಿಸಬೇಕಾಗಿತ್ತು. ಅವಳ ಜೀವವೆಲ್ಲ ಆ ಅಂಕಿಯಲ್ಲಿತ್ತು. ಕೈ ಚಾಚಿ ತಗಡು ಎತ್ತಿದಳು. ಕೂಗಲಿಲ್ಲ. ಮರೆತಳು ಎನ್ನುವುದೂ ಪೂರ್ತಿ ಸರಿಯಲ್ಲ. ಕೂಗುವಷ್ಟು ಹೊತ್ತೂ ಅವಳಿಗೆ ತಡೆಯಲಾಗಲಿಲ್ಲ.

“ಏನೋ ಟಕ್ ಅಂತು” ಎಂದ ಮರ್ವ್. ಸ್ಟೂಲು ತಡಕಿ ಕುಳಿತ. “ತಗಡು ಇಳಿಸು, ಡಾಕ್ಟ್ರಮ್ಮ” ಎಂದ, ಟೀ ತಾ ಎನ್ನುವಷ್ಟು ಸಲೀಸಾಗಿ.

ಕಂಪ್ಯೂಟರಿನ ಪರದೆಯ ಮೇಲೆ ನಾಲ್ಕು ದಶಾಂಶ ಮೂರು ಎಂದಿತ್ತು. ವೂಲಾ ಅದನ್ನು ಉಳಿಸುವ ಗುಂಡಿ ಒತ್ತಿದಳು. ಒತ್ತಿ, ಆಮೇಲೆ ತಗಡು ಇಳಿಸಿ, ಆಮೇಲೆ ಅವನ ಹತ್ತಿರ ಓಡಿದಳು. ಮಧ್ಯೆ ಹೋದದ್ದು ಒಂದೇ ಸೆಕೆಂಡು. ಸೆಕೆಂಡನ್ನು ಕೋಟಿ ಕೋಟಿ ಚೂರು ಮಾಡುವ ಕಸುಬಿನವಳಿಗೆ ಅದು ಎಷ್ಟು ಉದ್ದವೆಂದು ಬೇರೆಯವರು ಹೇಳಿಕೊಡಬೇಕಾಗಿರಲಿಲ್ಲ. ಆಂಬುಲೆನ್ಸಿಗೆ ಹತ್ತಿಸುವಾಗ ಅವನು ಕೇಳಿದ ಮಾತು ಒಂದೇ: “ನಂಬರ್ ಸಿಕ್ತಾ?” ಸಿಕ್ಕಿತು ಎಂದಳು. ಅವನ ಮುಖ ಅರಳಿತು.

ಅವನ ಎಡಗಣ್ಣು ಚಿಕ್ಕಂದಿನಿಂದ ಮಂದ. ಸುಟ್ಟದ್ದು ಬಲಗಣ್ಣಿನ ನಟ್ಟನಡುವೆ. ವಾರದ ನಂತರ ಮರ್ವ್ ಅಂದಾಜಿನ ಮೇಲೆ ಗೆರೆ ತಪ್ಪಿಸಿ, ದೊಡ್ಡ ಅಕ್ಷರಗಳಲ್ಲಿ, ಅಪಘಾತದ ಫಾರಂ ತುಂಬಿದ. ‘ಅವಳು ಕೂಗಿದಳು. ನಾನು ಮುಚ್ಚಿದೆ ಎಂದೆ. ಮುಚ್ಚಿರಲಿಲ್ಲ. ತಪ್ಪು ನನ್ನದು.’ ಸಾಕ್ಷಿಯ ಜಾಗದಲ್ಲಿ ವೂಲಾ ಸಹಿ ಮಾಡಬೇಕಿತ್ತು. ಓದಿದಳು. ನನಗೋಸ್ಕರ ಸುಳ್ಳು ಬರೆದಿದ್ದಾನೆ, ನನ್ನ ತಪ್ಪನ್ನು ಹೊಟ್ಟೆಗೆ ಹಾಕಿಕೊಂಡಿದ್ದಾನೆ ಎಂದುಕೊಂಡಳು. ಸಹಿ ಮಾಡಿದಳು.

ಅಂದಿನಿಂದ ಅವಳ ಮನಸ್ಸಿನಲ್ಲಿ ಅವರಿಬ್ಬರ ನಡುವೆ ಒಂದು ಮಾತಿಲ್ಲದ ಒಪ್ಪಂದವಿತ್ತು. ಇಂಥ ಒಪ್ಪಂದಗಳ ಸುಖವೆಂದರೆ ಎರಡನೆಯವರನ್ನು ಕೇಳಬೇಕಾಗಿಲ್ಲ. ವರ್ಷಕ್ಕೆ ಎರಡು ಸಲ ಅವನನ್ನು ನೋಡಿ ಬರುತ್ತಿದ್ದಳು. ಪ್ರತಿಸಲವೂ ವಿಭಾಗದ ಯಾರನ್ನಾದರೂ ಜೊತೆಗೆ ಕಟ್ಟಿಕೊಂಡೇ ಹೋಗುತ್ತಿದ್ದಳು. ಇಬ್ಬರೇ ಕೂತರೆ ಆ ಮಾತು ಬಂದೀತೆಂಬ ಅಂಜಿಕೆ. ಕ್ಯಾನ್ಬೆರಾದ ವೇದಿಕೆಯ ಮೇಲೆ ಅವಳು ಮರ್ವ್ ಹೆಸರು ಹೇಳಿದಾಗ ಸಭೆ ಚಪ್ಪಾಳೆ ತಟ್ಟಿತು. ಆ ಚಪ್ಪಾಳೆ ನಿಲ್ಲುವ ಮೊದಲೇ ಅವಳು ತನ್ನ ಕುರ್ಚಿಗೆ ಹಿಂದಿರುಗಿದಳು. ಇನ್ನು ಸಾಕು, ಎದುರಿಗೆ ಕೂತು ಒಂದು ಥ್ಯಾಂಕ್ಸ್ ಹೇಳಿಬಿಡಬೇಕು ಎಂದು ಹೊರಟಿದ್ದಳು. ಈ ಸಲ ಜೊತೆಗೆ ಯಾರೂ ಇರಲಿಲ್ಲ.

ಮರ್ವ್ ಬಾಗಿಲಲ್ಲೇ ಇದ್ದ. ತಾತ ಮುತ್ತಾತಂದಿರು ತಾಮ್ರದ ಗಣಿಗೆಂದು ಬಂದಾಗ ಕಟ್ಟಿಕೊಂಡ ಗಿಡ್ಡ ಮನೆ. ಅವನ ತಲೆ ದಾರಂದಕ್ಕೆ ತಾಗುವಂತಿತ್ತು. ಅವಳು ಗೇಟು ತೆರೆದಾಗ ಅವನು ಮುಖವನ್ನು ಪಕ್ಕದ ಮನೆಯ ಬೇಲಿಯ ಕಡೆ ತಿರುಗಿಸಿದ. ಅದು ಅವನು ನೋಡುವ ರೀತಿ. ಮೊದಲ ಸಲ ಅವಳು ಬಂದಿದ್ದಾಗ ಅವನೇ ವಿವರಿಸಿದ್ದ: “ನೆಟ್ಟಗೆ ನೋಡಿದ್ರೆ ನಿನ್ನ ಮುಖದ ಜಾಗದಲ್ಲಿ ಒಂದು ತೂತು, ಅಷ್ಟೇ. ಆ ಕಡೆ ನೋಡಿದ್ರೆ ಈ ಕಡೆ ಪೂರ್ತಿ ನೀನು. ಕೋಳಿ ನೋಡೋ ಹಾಗೆ.” ಅಂದಿನಿಂದ ಅವನು ಬೇಲಿ ನೋಡಿದರೆ, ಗೋಡೆ ನೋಡಿದರೆ, ತನ್ನನ್ನೇ ನೋಡುತ್ತಿದ್ದಾನೆಂದು ಅವಳಿಗೆ ರೂಢಿಯಾಗಿತ್ತು.

“ಬಾ ಡಾಕ್ಟ್ರಮ್ಮ. ಪದಕ ಬಂದ್ಮೇಲೆ ತಲೆ ಈ ಬಾಗಿಲಲ್ಲಿ ಹಿಡಿಯುತ್ತೋ ಇಲ್ವೋ ಅಂತ ನೋಡ್ತಾ ನಿಂತಿದ್ದೆ.”

“ನಿಮ್ಮ ತಲೆ ಹಿಡಿದಿದೆಯಲ್ಲ ಮರ್ವ್, ನನ್ನದೇನು ಮಹಾ.”

ಒಳಗೆ ಮೇಜಿನ ಮೇಲೆ ಬೇಕರಿಯಿಂದ ತಂದ ಪೇಸ್ಟಿಗಳಿದ್ದವು, ಮಾಂಸ ಆಲೂಗೆಡ್ಡೆ ತುಂಬಿ ಅಂಚು ಮಡಚಿದಂಥವು. ವೂಲಾ ಟೊಮೇಟೊ ಚೀಲವನ್ನು ಅವುಗಳ ಪಕ್ಕ ಇಟ್ಟಳು. ಅಂಗಡಿಯದು ತನ್ನ ಹೆಂಡತಿ ಲೋರ್ನಾ ಮಾಡುತ್ತಿದ್ದಂತೆ ಇಲ್ಲ ಎಂದು ಅವನು ಪ್ರತಿಸಲದಂತೆ ಬೈದ. ಲೋರ್ನಾ ಹೋಗಿ ಒಂಬತ್ತು ವರ್ಷ. ನೀವೇ ಮಾಡುವುದು ಯಾಕೆ ಬಿಟ್ಟಿರಿ ಎಂದು ಕೇಳಬೇಕೆನ್ನುವಾಗ ವೂಲಾಳ ಕಣ್ಣು ಗ್ಯಾಸಿನ ಒಲೆಯ ಮೇಲೆ ಹೋಯಿತು. ಉರಿ ಹೆಚ್ಚುಕಡಿಮೆ ಮಾಡುವ ತಿರುಪುಗಳನ್ನು ಮರ್ವ್ ಕಿತ್ತು ತೆಗೆದಿದ್ದ. ಕಾಣದವರಿಗೆ ಬೆಂಕಿಯ ಸಹವಾಸ ಬೇಡವೆಂದಿರಬೇಕು ಎಂದುಕೊಂಡು ಸುಮ್ಮನಾದಳು. ಟೀಗೆ ನೀರು ಕಾಯಿಸಲು ತಾನೇ ಆರಿಕೊಳ್ಳುವ ಕರೆಂಟಿನ ಕೆಟಲ್ ಇತ್ತು.

ಬಾಗಿಲ ಹಿಂದೆ ಏಡಿ ಹಿಡಿಯುವ ಬಲೆಗಳೆರಡು ಒರಗಿದ್ದವು, ಉದ್ದ ಹಿಡಿಯವು. ಒಂದು ಹಳೆಯದು, ಉಪ್ಪುನೀರು ಕುಡಿದು ಕಪ್ಪಾದದ್ದು. ಇನ್ನೊಂದು ಅದರ ಅರ್ಧದಷ್ಟು. ಅದರ ಮರ ಇನ್ನೂ ಹೊಸದಾಗಿಯೇ ಇತ್ತು. ಮಗಳು ಕೆರೆನ್ಸಾ ಹೆತ್ತ ಮೊಮ್ಮಗಳು ಟ್ಯಾಮ್ಸಿನ್‌ಗೆ ಐದು ತುಂಬಿದಾಗ ಲ್ಯಾಬಿನ ವರ್ಕ್‌ಶಾಪಿನಲ್ಲೇ ಅವನು ಅದನ್ನು ಕಡೆದು ಮಾಡಿದ್ದು ವೂಲಾಗೆ ನೆನಪಿತ್ತು. ಕನ್ನಡಿ ಕೂರಿಸುವಷ್ಟೇ ನಿಗಾ ಕೊಟ್ಟು ಅದಕ್ಕೆ ಮರಳುಕಾಗದ ಉಜ್ಜಿದ್ದ.

ಅವನು ಪದಕ ಕೇಳಿದ. ಡಬ್ಬಿ ಬಿಚ್ಚಿ ಅವಳು ಅಂಗೈಯಲ್ಲಿಟ್ಟಳು. ಬೆರಳ ತುದಿಯಿಂದ ಅಂಚಿನ ಅಕ್ಷರಗಳನ್ನು ಒಂದೊಂದಾಗಿ ತಡವುತ್ತ ಅವಳ ಹೆಸರು ಪೂರ್ತಿ ಓದಿದ. ಓದಿ ಮುಗಿದರೂ ಕೊಡಲಿಲ್ಲ, ಎರಡೂ ಕೈಯಲ್ಲಿ ಹಿಡಿದೇ ಕುಳಿತ. ತೂಕ ಇದೆ ಎಂದ. ತಯಾರಿಸಿದವನು ಅಂಚು ಸರಿಯಾಗಿ ಉಜ್ಜಿಲ್ಲ, ತಾನಾಗಿದ್ದರೆ ಹೀಗೆ ಬಿಡುತ್ತಿರಲಿಲ್ಲ ಎಂದ. ಅವನ ದನಿಯಲ್ಲಿದ್ದ ಹೆಮ್ಮೆ ಅಪ್ಪಟವಾಗಿತ್ತು. ಅದನ್ನು ಕಂಡೇ ವೂಲಾಗೆ ಧೈರ್ಯ ಬಂತು.

“ಒಂದು ಮಾತು ಹೇಳ್ಬೇಕಿತ್ತು ಮರ್ವ್. ಆರು ವರ್ಷದಿಂದ ಹೇಳ್ಬೇಕಿತ್ತು. ಆ ಫಾರಂನಲ್ಲಿ ನೀವು ಹಾಗೆ ಬರೆದ್ರಲ್ಲ, ಅದಕ್ಕೆ ಥ್ಯಾಂಕ್ಸ್. ನೀವು ಹಾಗೆ ಬರೀದೇ ಇದ್ದಿದ್ರೆ ಈ ಪದಕ ನನ್ನ ಹತ್ರ ಇರ್ತಿರ್ಲಿಲ್ಲ.”

ಮರ್ವ್ ಗೋಡೆಯ ಕಡೆ ತಿರುಗಿ ಅವಳನ್ನು ನೋಡಿದ. ಅವನಿಗೆ ಮಾತು ಅರ್ಥವಾಗಿರಲಿಲ್ಲ.

“ಹಾಗೆ ಅಂದ್ರೆ ಹೇಗೆ? ನಡೆದದ್ದು ಬರೆದೆ. ಅದಕ್ಕೂ ಥ್ಯಾಂಕ್ಸ್ ಹೇಳ್ತಾರಾ?”

ತಮಾಷೆ ಮಾಡುತ್ತಿದ್ದಾನೆ ಎಂದುಕೊಂಡು ವೂಲಾ ನಗಲು ಹೋದಳು. ಅವನ ಮುಖದಲ್ಲಿ ನಗು ಇರಲಿಲ್ಲ. ನಾಚಿಕೆಯಿತ್ತು. ಅಷ್ಟು ವಯಸ್ಸಿನ ಗಂಡಸಿನ ಮುಖದಲ್ಲಿ ಅಂಥ ನಾಚಿಕೆಯನ್ನು ಅವಳು ಎಂದೂ ಕಂಡಿರಲಿಲ್ಲ.

ಅವನು ನಿಧಾನವಾಗಿ ಹೇಳಿದ. ತನಗೆ ಆ ಗಳಿಗೆ ನೆನಪೇ ಇಲ್ಲ. ಸ್ಕ್ರೂ ಉರುಳಿದ್ದು ನೆನಪಿದೆ, ತಲೆಯೊಳಗೆ ಟಕ್ ಎಂದದ್ದು ನೆನಪಿದೆ, ಮಧ್ಯದ್ದು ಅಳಿಸಿಹೋಗಿದೆ. ಆಸ್ಪತ್ರೆಯಲ್ಲಿ ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಮಲಗಿದ್ದಾಗ ಏಳು ದಿನವೂ ಅದನ್ನೇ ಹುಡುಕಿದ್ದ, ಸಿಗಲಿಲ್ಲ. ಕೊನೆಗೆ ಕೂಡಿ ಕಳೆದು ನೋಡಿದ.

“ಬೇರೆ ಯಾರಾದ್ರೂ ಆಗಿದ್ರೆ, ಕೂಗದೇ ಎತ್ತಿರ್ಬೇಕು ಅಂದ್ಕೊಳ್ತಿದ್ದೆ. ಡೆನ್ಹೋಮ್ ಆಗಿದ್ರೆ ಖಂಡಿತ ಅಂದ್ಕೊಳ್ತಿದ್ದೆ. ಆದ್ರೆ ಇದ್ದದ್ದು ನೀನು. ಉತ್ತರ ಬರ್ದೇ ನೀನು ಕೈ ಎತ್ತೋಳಲ್ಲ. ಹಾಗಂದ್ಮೇಲೆ ನಾನು ಮುಚ್ಚಿದೆ ಅಂದಿದ್ದೀನಿ. ಇಪ್ಪತ್ತು ವರ್ಷ ಹೇಳಿ ಹೇಳಿ, ನನ್ನನ್ನ ಕೇಳ್ದೇನೇ ಬಾಯಿ ಹೇಳ್ಬಿಟ್ಟಿದೆ.”

ವೂಲಾ ಟೀ ಲೋಟವನ್ನು ಮೇಜಿನ ಮೇಲಿಟ್ಟಳು.

ಮರ್ವ್ ಈಗ ಯಾರಿಗೂ ಹೇಳದ ಮಾತುಗಳನ್ನು ಹೇಳುತ್ತಿದ್ದ. ಅವಳಾಗಿಯೇ ಆ ವಿಷಯ ಎತ್ತಿದ್ದರಿಂದ ಅವನಿಗೂ ಕಟ್ಟೆಯೊಡೆದಂತಾಗಿತ್ತು. ವಿಶ್ವವಿದ್ಯಾಲಯ ಅವನನ್ನು ಬಿಡುವುದಕ್ಕೆ ತಯಾರಿರಲಿಲ್ಲವಂತೆ. ವರ್ಕ್‌ಶಾಪಿನಲ್ಲಿ ಕೂತಿರು, ಕೈಗೆ ಗೊತ್ತಿರುವುದನ್ನು ಹುಡುಗರಿಗೆ ಕಲಿಸು, ಕಣ್ಣಿನ ಕೆಲಸ ಅವರು ಮಾಡುತ್ತಾರೆ ಎಂದು ಡೆನ್ಹೋಮ್ ಎರಡು ಸಲ ಮನೆಗೆ ಬಂದು ಕೇಳಿದ್ದ. ಒಲ್ಲೆ ಎಂದದ್ದು ಇವನೇ. ಕಣ್ಣಿಗೆ ಹೆದರಿ ಅಲ್ಲ. ಬಾಯಿಗೆ ಹೆದರಿ. ಕಣ್ಣು ತೆರೆದಿದ್ದಾಗ ಮುಚ್ಚಿದೆ ಎನ್ನುವವನು ಆ ಕೋಣೆಯಲ್ಲಿ ನಿಂತರೆ ನಾಳೆ ಬೇರೆ ಯಾರದೋ ಕಣ್ಣು ಹೋಗುತ್ತದೆ.

“ಒಲೆ ತಿರುಪು ಕಿತ್ತಿದ್ದೂ ಅದಕ್ಕೇನಾ?” ಎಂದಳು ವೂಲಾ.

“ಗ್ಯಾಸ್ ಆರ್ಸಿದ್ದೀಯಾ ಅಂತ ನನ್ನನ್ನೇ ಕೇಳ್ಕೋತೀನಿ. ಆರ್ಸಿದ್ದೀನಿ ಅಂತೀನಿ. ಯಾರ ಮಾತು ಅಂತ ನಂಬೋದು?” ಅವನು ಪದಕವನ್ನು ಮಡಿಲಲ್ಲಿ ಒಂದು ಸುತ್ತು ತಿರುಗಿಸಿದ. “ಒಲೆ ಹಾಳಾಗ್ಲಿ. ಟ್ಯಾಮ್ಸಿನ್ ಇದ್ದಾಳಲ್ಲ. ಆ ಡಿಸೆಂಬರ್ ರಜಕ್ಕೆ ಕೆರೆನ್ಸಾ ಅವಳನ್ನ ಪರ್ತ್‌ನಿಂದ ಕರ್ಕೊಂಡು ಬರೋಳಿದ್ಲು, ಏಡಿ ಹಿಡಿಯೋಕೆ. ಮಗು ನೀರಲ್ಲಿ ಇರುತ್ತೆ. ದಡದಿಂದ ಇವಳು, ಅಪ್ಪಾ ನೋಡ್ಕೋತಿದ್ದೀಯಾ ಅಂತಾಳೆ. ನೋಡ್ಕೋತಿದ್ದೀನಿ ಅಂತ ನನ್ನ ಬಾಯಿ ಹೇಳುತ್ತೆ. ನಾನು ಆವಾಗ ಎಲ್ಲಿರ್ತೀನೋ.”

ಬರಬೇಡ ಎಂದು ಮಗಳಿಗೆ ಹೇಳಿದನಂತೆ. ಯಾಕೆ ಎಂದು ಅವಳು ಕೇಳಿದಾಗ ಬಾಯಿಬಿಡಲಿಲ್ಲ. ನಾನು ನಂಬಿಕೆಗೆ ಯೋಗ್ಯನಲ್ಲ ಎಂದು ಯಾವ ಅಪ್ಪ ಮಗಳಿಗೆ ಹೇಳಿಯಾನು. ಅಪ್ಪನಿಗೆ ಮೊಮ್ಮಗಳು ಹೊರೆಯಾದಳು ಎಂದುಕೊಂಡ ಕೆರೆನ್ಸಾ ಆಮೇಲೆ ಬರಲಿಲ್ಲ. ಕ್ರಿಸ್ಮಸ್ಸಿಗೆ ಒಂದು ಕಾರ್ಡು ಬರುತ್ತದೆ, ಅದರಲ್ಲಿ ಹುಡುಗಿಯ ಶಾಲೆಯ ಫೋಟೋ. ನೆಟ್ಟಗೆ ನೋಡಿದರೆ ತೂತು, ಪಕ್ಕಕ್ಕೆ ತಿರುಗಿದರೆ ಫೋಟೋ ಬಹಳ ಚಿಕ್ಕದು. ಮುಖ ಸರಿಯಾಗಿ ಗೊತ್ತಾಗುವುದಿಲ್ಲ ಎಂದ.

ಆರು ವರ್ಷ ವೂಲಾ ಯಾವುದನ್ನು ಅವನ ದೊಡ್ಡತನ ಎಂದು ಪೂಜಿಸಿಕೊಂಡು ಬಂದಿದ್ದಳೋ ಅದು ಅವಳ ಮೇಲೆ ಅವನಿಗಿದ್ದ ಬರೀ ನಂಬಿಕೆ. ಅವಳು ತಪ್ಪುವವಳಲ್ಲ ಎಂದು ನಂಬಿ, ತಪ್ಪಿದ್ದು ತಾನೇ ಇರಬೇಕೆಂದು ತೀರ್ಮಾನಿಸಿದ್ದ. ಆ ತೀರ್ಮಾನದ ಮೇಲೆ ಕೆಲಸ ಬಿಟ್ಟಿದ್ದ, ಒಲೆ ಬಿಟ್ಟಿದ್ದ, ಮಗಳನ್ನೂ ಮೊಮ್ಮಗಳನ್ನೂ ದೂರ ಮಾಡಿಕೊಂಡಿದ್ದ. ಫಾರಂ ಓದಿದ ದಿನ ಅವಳು ಅವನ ಮನೆಗೆ ಬಂದು, ಯಾಕೆ ಹೀಗೆ ಬರೆದಿರಿ ಎಂದು ಒಂದೇ ಒಂದು ಮಾತು ಕೇಳಿದ್ದರೆ ಸಾಕಿತ್ತು.

ಈಗಲೂ ಎದ್ದು ಹೋಗಬಹುದಿತ್ತು. ಅವನಿಗೆ ಎಪ್ಪತ್ತೊಂದು. ಅವಳ ಬಗ್ಗೆ ಅವನಿಗಿರುವ ಹೆಮ್ಮೆ ಕೊನೆಯ ತನಕ ಹಾಗೇ ಇರುತ್ತದೆ. ಅದನ್ನೂ ಕಿತ್ತುಕೊಂಡರೆ ಈ ಮನೆಯಲ್ಲಿ ಅವನಿಗೆ ಉಳಿಯುವುದೇನು. ಹೀಗೆಲ್ಲ ಅವಳು ಅವನ ಪರವಾಗಿ ಯೋಚಿಸುವಂತೆ ನಟಿಸಿದಳು. ನಿಜ ಹೇಳಬೇಕೆಂದರೆ ಅವಳ ಕೈ ಆಗಲೇ ಜೇಬಿನಲ್ಲಿ ಕಾರಿನ ಕೀಲಿಯನ್ನು ಹಿಡಿದುಕೊಂಡಿತ್ತು. ಬಾಗಿಲ ಹಿಂದಿನ ಆ ಚಿಕ್ಕ ಬಲೆ ಕಣ್ಣಿಗೆ ಬೀಳದಿದ್ದರೆ ಅವಳು ಎದ್ದೇ ಹೋಗುತ್ತಿದ್ದಳೋ ಏನೋ.

“ನಾನು ಕೂಗ್ಲಿಲ್ಲ ಮರ್ವ್.”

“ಏನು?”

“ಕಣ್ಣು ಅಂತ ಕೂಗ್ಲೇ ಇಲ್ಲ. ನಂಬರ್ ನೋಡೋ ಆತುರಕ್ಕೆ ಎತ್ತಿಬಿಟ್ಟೆ. ನೀವು ಏನೂ ಹೇಳ್ಲಿಲ್ಲ. ನಿಮ್ಮನ್ನ ಯಾರೂ ಏನೂ ಕೇಳೇ ಇಲ್ಲ.”

ಮರ್ವ್ ಪದಕವನ್ನು ಮಡಿಲಿನಿಂದ ತೆಗೆದು ಮೇಜಿನ ಮೇಲಿಟ್ಟ.

“ಯಾವತ್ತಿಂದ ಗೊತ್ತು?”

“ಆವತ್ತಿಂದ.”

“ಫಾರಂ ಓದಿದ್ದೆ ನೀನು.”

“ಓದಿದ್ದೆ. ನನ್ನನ್ನ ಉಳಿಸೋಕೆ ಬರೆದಿದ್ದೀರ ಅಂದ್ಕೊಂಡೆ.”

“ಒಂದು ಮಾತು ಕೇಳ್ಬಹುದಿತ್ತು.”

ಮರ್ವ್ ತುಟಿ ಅಲುಗಿಸುತ್ತ ತನ್ನಲ್ಲೇ ಏನನ್ನೋ ಎಣಿಸುತ್ತಿದ್ದ. ಆರು ಡಿಸೆಂಬರುಗಳಿರಬೇಕು. ಸಿಟ್ಟು ಬಂದೀತು, ಬೈದಾನು ಎಂದು ಅವಳು ಕಾದಳು. ಬೈದಿದ್ದರೆ ಅವಳಿಗೆ ಎಷ್ಟೋ ಹಗುರವಾಗುತ್ತಿತ್ತು. ಅವನು ಮತ್ತೆ ಕೇಳಿದ್ದು ಕೆಲಸದವರು ಕೇಳುವಂಥ ಪ್ರಶ್ನೆ.

“ಕಿರಣ ಬೀಳ್ತಿರೋವಾಗ್ಲೇ ಅಲ್ವಾ ನಂಬರ್ ಉಳಿಸೋಕಾಗೋದು. ತಗಡು ಇಳಿದ್ಮೇಲೆ ಪರದೆ ಖಾಲಿ. ನಾನು ಇಳಿಸು ಅಂದೆ. ನೀನು ಯಾವಾಗ ಉಳಿಸಿದ್ದು?”

ವೂಲಾ ಕಣ್ಣು ಮುಚ್ಚಿದಳು. ಇದನ್ನು ಅವಳು ತನಗೆ ತಾನೇ ಕೂಡ ಬಾಯಿಬಿಟ್ಟು ಹೇಳಿಕೊಂಡಿರಲಿಲ್ಲ.

“ನೀವು ಇಳಿಸು ಅಂದ್ಮೇಲೆ. ಇಳಿಸೋಕೆ ಮುಂಚೆ.”

“ಹೂಂ” ಎಂದ ಮರ್ವ್.

ಸೋಮವಾರ ವಿಶ್ವವಿದ್ಯಾಲಯಕ್ಕೆ ಎಲ್ಲ ಬರೆದುಕೊಡುತ್ತೇನೆ, ಪದಕ ವಾಪಸ್ ಮಾಡುತ್ತೇನೆ ಎಂದಳು. ಕೆರೆನ್ಸಾಗೆ ತಾನೇ ಫೋನ್ ಮಾಡಿ ಹೇಳುತ್ತೇನೆ, ಪರ್ತ್‌ಗೆ ಹೋಗಿಯಾದರೂ ಹೇಳುತ್ತೇನೆ ಎಂದಳು. ಮಾತುಗಳು ಒಂದರ ಮೇಲೊಂದು ಬರುತ್ತಿದ್ದವು, ಕಣ್ಣೀರೂ ಬರುತ್ತಿತ್ತು. ಅವನು ಕೈಯೆತ್ತಿ ನಿಲ್ಲಿಸಿದ. ಬರೆಯುವುದು ಬಿಡುವುದು ಅವಳಿಗೆ ಸೇರಿದ್ದು ಎಂದ. ಮಗಳಿಗೆ ತಾನೇ ಹೇಳುತ್ತೇನೆ ಎಂದ.

ಎದ್ದು, ಗೋಡೆ ಹಿಡಿದುಕೊಂಡು ಬಾಗಿಲ ಹತ್ತಿರ ಹೋಗಿ ಆ ಚಿಕ್ಕ ಬಲೆಯನ್ನು ಕೈಗೆ ತೆಗೆದುಕೊಂಡ. ನೆಲಕ್ಕೆ ಊರಿ, ಹಿಡಿಯ ತುದಿ ತನ್ನ ಮೈಯಲ್ಲಿ ಎಲ್ಲಿಗೆ ಬರುತ್ತದೆಂದು ಅಂಗೈಯಿಂದ ನೋಡಿದ. ಸೊಂಟಕ್ಕೂ ಬರಲಿಲ್ಲ.

“ಹನ್ನೊಂದು ವರ್ಷದವಳು ಎಷ್ಟು ಎತ್ತರ ಇರ್ತಾಳೆ?”

ವೂಲಾ ಎದ್ದು ಬಂದು, ಅವನ ಕೈ ಹಿಡಿಯಲು ಹೋಗಿ ಬಿಟ್ಟು, ತನ್ನ ಭುಜದ ಹತ್ತಿರ ತೋರಿಸಿದಳು. ತೋರಿಸಿದ್ದು ಬಲೆಯ ಕಡೆ ಬಗ್ಗಿದ್ದ ಅವನಿಗೆ ಕಾಣುವುದಿಲ್ಲವೆಂದು ಹೊಳೆದು, “ನನ್ನ ಭುಜಕ್ಕೆ ಬರ್ತಾಳೆ” ಎಂದಳು.

“ಇದು ಆಗಲ್ಲ ಹಾಗಾದ್ರೆ” ಎಂದು ಬಲೆಯನ್ನು ಇದ್ದಲ್ಲೇ ಒರಗಿಸಿದ. ಮೇಜಿಗೆ ಹಿಂದಿರುಗಿ, ಪದಕವನ್ನು ಡಬ್ಬಿಗೆ ಹಾಕಿ, ಮುಚ್ಚಳ ಒತ್ತಿ, ಅವಳ ಕೈಗೆ ಕೊಟ್ಟ. ಟೊಮೇಟೊ ಅಮ್ಮನದಾ ಎಂದು ಕೇಳಿದ. ಹೌದೆಂದಳು. ಅಮ್ಮನಿಗೆ ಥ್ಯಾಂಕ್ಸ್ ಹೇಳು ಎಂದ.

ವೂಲಾ ಅಂಗಳ ದಾಟಿ ಗೇಟಿನ ಆಚೆ ಹೋಗಿ ಚಿಲಕ ಹಾಕಿದಳು. ಯಾವಾಗಲೂ ಅವನು ಅಷ್ಟು ಹೊತ್ತಿಗೆ ಪಕ್ಕದ ಬೇಲಿಯ ಕಡೆ ಮುಖ ತಿರುಗಿಸಿ, ಅವಳು ಕಾರು ಹತ್ತುವ ತನಕ ಬಾಗಿಲಲ್ಲೇ ನಿಂತು ನೋಡುತ್ತಿದ್ದ. ಅವಳೂ ಕೈ ಬೀಸುತ್ತಿದ್ದಳು. ಈಗಲೂ ಬಾಗಿಲಲ್ಲಿ ನಿಂತಿದ್ದ. ಅವಳು ಕೈ ಎತ್ತಿ ಕಾದಳು. ಮರ್ವ್ ಬೇಲಿಯ ಕಡೆ ತಿರುಗಲಿಲ್ಲ. ಮುಖವನ್ನು ಒಂದಿಷ್ಟೂ ಆಚೀಚೆ ಮಾಡದೆ, ನೆಟ್ಟಗೆ ಅವಳನ್ನೇ ನೋಡುತ್ತ ನಿಂತಿದ್ದ.